ಮಿಕ್ಸಿ ಪರೀಕ್ಷೆ

ಮನೆ ನೋಡಲು ಬಂದವರು ಕಾರಿನ ಡಿಕ್ಕಿಯಿಂದ ಮಿಕ್ಸಿ ಇಳಿಸಿದ್ದನ್ನು ಕಂಡು ಬ್ರೋಕರ್ ಕಣ್ಣು ಕಣ್ಣು ಬಿಟ್ಟ. ಹೆಂಡತಿ, ಮಗಳೊಂದಿಗೆ ಬಂದಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವನಿಗೆ ವಿಷಯ ಬಿಡಿಸಿ ಹೇಳಬೇಕಾಯಿತು. ಒಂಬತ್ತು ವರ್ಷದ ಮಗಳು ಗುಬ್ಬಿಗೆ ಮಾತು ಬರುವುದಿಲ್ಲ. ಮಿಕ್ಸಿ ತಿರುಗಿದರೆ ಸಾಕು, ಪ್ರಾಣ ಹೋದ ಹಾಗೆ ಕಿರುಚುತ್ತಾಳೆ. ಈಗಿರುವ ಫ್ಲ್ಯಾಟಿನಲ್ಲಿ ಪಕ್ಕದವರು ಗೋಡೆ ಗುದ್ದುತ್ತಾರೆ, ಕೆಳಗಿನವರು ಹತ್ತಿ ಬಂದು ಬೆಲ್ ಒತ್ತುತ್ತಾರೆ. ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಇದು ಅವರು ನೋಡುತ್ತಿದ್ದ ಹನ್ನೊಂದನೆಯ ಮನೆ.

ಊರಾಚೆಯ ಈ ಬಡಾವಣೆಯಲ್ಲಿ ಒಂದೊಂದು ನಿವೇಶನವೂ ಆಟದ ಮೈದಾನದಷ್ಟಿತ್ತು. ಸುತ್ತ ಆಳೆತ್ತರ ಮೀರಿದ ಬೇಲಿಗಿಡ, ಪಕ್ಕದ ಮನೆಯ ಸೂರು ಕೂಡ ಕಾಣದು. ಇಲ್ಲಿ ಯಾರೂ ಯಾರ ತಂಟೆಗೂ ಬರುವುದಿಲ್ಲ ಎಂದ ಬ್ರೋಕರ್. ಹೀಗೇ ಬೇರೊಬ್ಬ ಬ್ರೋಕರನ ಮಾತನ್ನು ನಂಬಿ ಮೇಷ್ಟ್ರು ಒಮ್ಮೆ ಕೈ ಸುಟ್ಟುಕೊಂಡಿದ್ದರು. ಮಿಕ್ಸಿ ಬಂದಿದ್ದೇ ಅದಕ್ಕೆ. ತಾವು ಹೋಗಿ ಪಕ್ಕದ ಮನೆಯ ಗೇಟಿನ ಬಳಿ ನಿಂತು ಕಿವಿಗೊಡುವುದು, ಹೆಂಡತಿ ಅಡುಗೆಮನೆಯಲ್ಲಿ ಒಂದು ನಿಮಿಷ ಮಿಕ್ಸಿ ತಿರುಗಿಸುವುದು. ಪರೀಕ್ಷೆಯಲ್ಲಿ ಮೋಸವಾಗಬಾರದೆಂದು ಬಾಗಿಲು, ಕಿಟಕಿಗಳನ್ನೆಲ್ಲ ಅವರೇ ತೆರೆದಿಟ್ಟರು.

"ಬೇಕು ಅಂತಲೇ ಮಗೂನ ಹೆದರಿಸೋದಾ?" ಎಂದಳು ಹೆಂಡತಿ.

"ಒಂದೇ ನಿಮಿಷ ಕಣೆ. ಆಮೇಲೆ ಜೀವಮಾನಪೂರ್ತಿ ಯಾರ ಬಾಯಿಂದಾನೂ ಅನ್ನಿಸ್ಕೊಳ್ಳೋದು ಬೇಡ."

ಮೇಷ್ಟ್ರು ಬ್ರೋಕರ್ ಜೊತೆ ಪಕ್ಕದ ಗೇಟಿಗೆ ಒರಗಿ ನಿಂತು ಗಡಿಯಾರ ನೋಡಿದರು. ಒಂದು ನಿಮಿಷವಾಯಿತು, ಐದಾಯಿತು. ಎಲೆ ಅಲ್ಲಾಡಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕು ವರ್ಷ ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಮನುಷ್ಯನಿಗೆ ಖುಷಿಯಲ್ಲಿ ಅಳುವೇ ಬಂತು. ಇನ್ನೂ ಎರಡು ನಿಮಿಷ ಸುಮ್ಮನೆ ಆ ಸುಖ ಅನುಭವಿಸಿ, ಮನೆಯನ್ನು ಇವತ್ತೇ ಗೊತ್ತು ಮಾಡಿಬಿಡೋಣ ಎನ್ನುತ್ತಾ ವಾಪಸು ಹೊರಟರು.

ಅಂಗಳದಲ್ಲಿ ಹೆಂಡತಿ ಬರಿಗಾಲಲ್ಲಿ ಓಡಾಡುತ್ತಿದ್ದಳು. ಗಂಟಲು ಬಿದ್ದುಹೋಗಿತ್ತು. "ಎಲ್ಲಿ ಹಾಳಾಗಿ ಹೋಗಿದ್ರಿ? ಎಷ್ಟು ಸಲ ಕೂಗಿದೆ ನಿಮ್ಮನ್ನ," ಎಂದಳು. ಮಿಕ್ಸಿ ಆರಿಸಿ ತಿರುಗುವಷ್ಟರಲ್ಲಿ ಗುಬ್ಬಿ ಹಿತ್ತಲ ಬಾಗಿಲಿನಿಂದ ಓಡಿಹೋಗಿದ್ದಳು. ಅವಳ ಫೋನು ಬೀಗ ಹಾಕಿದ ಕಾರಿನಲ್ಲಿತ್ತು, ಕಾರಿನ ಕೀ ಮೇಷ್ಟ್ರ ಜೇಬಿನಲ್ಲಿತ್ತು.

ಮಗಳು ರಸ್ತೆಗೇ ಓಡಿರಬೇಕೆಂದು ಮೂವರೂ ಮೊದಲು ಅತ್ತ ಓಡಿದರು. ಫ್ಲ್ಯಾಟಿನಲ್ಲಿ ಗುಬ್ಬಿ ಹೀಗೆ ತಪ್ಪಿಸಿಕೊಂಡರೆ ಮೆಟ್ಟಿಲು ಮುಟ್ಟುವ ಮೊದಲೇ ನಾಲ್ಕು ಬಾಗಿಲು ತೆರೆಯುತ್ತಿದ್ದವು. ಬೈಯುತ್ತಲೇ ಯಾರಾದರೂ ಕೈಹಿಡಿದು ಕರೆತಂದು ಬಿಡುತ್ತಿದ್ದರು. ಇಲ್ಲಿ ಉದ್ದಕ್ಕೂ ಮುಚ್ಚಿದ ಗೇಟುಗಳು. ಎರಡು ಕಡೆ ಬೆಲ್ ಒತ್ತಿದರೂ ಉತ್ತರವಿಲ್ಲ. ಮೂರನೆಯ ಕಡೆ ಗೇಟಿನ ಇಂಟರ್‌ಕಾಮ್ ಡಬ್ಬಿಯೊಳಗಿಂದ ಹೆಂಗಸೊಬ್ಬಳ ದನಿ ಬಹಳ ಮರ್ಯಾದೆಯಿಂದಲೇ ಹೇಳಿತು: "ನಮಗೆ ಒಳಗಡೆಗೆ ಏನೂ ಕಾಣಿಸಲ್ಲ, ಕೇಳಿಸಲ್ಲ. ಅದಕ್ಕೇ ಅಲ್ವಾ ಇಲ್ಲಿ ಮನೆ ತಗೊಂಡಿದ್ದು."

ಮುಕ್ಕಾಲು ಗಂಟೆಯ ಮೇಲೆ ಬ್ರೋಕರನಿಗೆ ಹಿತ್ತಲ ಕೊನೆಯ ಪಂಪಿನ ಕೋಣೆ ನೆನಪಾಯಿತು. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು. ಒಳಗೆ ಹೊಕ್ಕವರ ಹಿಂದೆ ಬಾಗಿಲು ತಾನಾಗಿ ಹಾಕಿಕೊಂಡರೆ ಹೊರಗಿನಿಂದಲೇ ತೆಗೆಯಬೇಕು. ಮೇಷ್ಟ್ರು ಅವನನ್ನು ದಾಟಿ ಓಡಿ ಚಿಲಕ ಎಳೆದರು.

ಗುಬ್ಬಿ ಮೂಲೆಯಲ್ಲಿ ಕೂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಕುತ್ತಿಗೆಯ ನರಗಳು ಉಬ್ಬಿದ್ದವು, ಬಾಯಿ ಅಗಲವಾಗಿ ತೆರೆದಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅವಳು ಕಿರುಚುತ್ತಲೇ ಇದ್ದಳು. ಮೇಷ್ಟ್ರು ಮಂಡಿಯೂರಿ ಆ ಬಾಯಿಯ ಹತ್ತಿರ ಕಿವಿ ತಂದರು. ಬಿಸಿ ಉಸಿರು ಮಾತ್ರ ತಾಗಿತು.