ಕಣಿವೆಯ ಹಸು

ಕಲೆಯ ಚರಿತ್ರೆಯಲ್ಲಿ ಬಗೆಹರಿಯದ ಪ್ರಶ್ನೆಗಳು ಅನೇಕ. 1829ರ ವಸಂತದಲ್ಲಿ ಲಂಡನ್ನಿನ ಸೋಹೋದಲ್ಲಿ ಅವೆಲ್ಲಕ್ಕಿಂತ ಘನವಾದದ್ದೊಂದು ಎದ್ದಿತು: ಈ ಹಸು ಯಾರದು?

ಎಬ್ಬಿಸಿದವನು ಚಿತ್ರಕಾರ ಆಂಬ್ರೋಸ್ ಥಾರ್ಲಿ. ಅವನ ಚಿತ್ರವನ್ನು ಅಚ್ಚಿಗಾಗಿ ತಾಮ್ರದಲ್ಲಿ ಕೆತ್ತಿದ್ದ ಜೋಸಾಯ ಪೆಲ್ಯೂನ ಮೇಜಿನ ಮೇಲೆ, ಮಸಿಯಾರದ ಮೊದಲ ಪ್ರತಿಯನ್ನು ತಂದು ಬಡಿದ. ಮುಳುಗುವ ಸೂರ್ಯ, ಪಾಳು ಕೋಟೆ, ಕತ್ತಲು ತುಂಬಿದ ಕಣಿವೆ. ಕಣಿವೆಯ ನಡುವೆ ಬೆಳ್ಳಗೆ ಒಂದು ಹಸು.

"ಏನಯ್ಯಾ, ನನ್ನ ಕಣಿವೇಲಿ ನಿನ್ನ ದನ ಮೇಯಿಸ್ತಿದ್ದೀಯಾ?"

"ನನ್ನದಲ್ಲ ಸ್ವಾಮಿ. ನಿಮ್ಮ ಚಿತ್ರದಲ್ಲಿತ್ತು, ಕೆತ್ತಿದೆ."

"ನಾನು ಏಕಾಂತ ಬರೆಯೋನು, ದನ ಬರೆಯೋನಲ್ಲ! ಅಳಿಸು. ಇಲ್ಲಾಂದ್ರೆ ಈ ಮಾಲೆಯ ಉಳಿದ ಹನ್ನೊಂದು ಚಿತ್ರ ಕೆತ್ತೋ ಕೆಲಸ ಬೇರೆಯವರಿಗೆ. ಪೆಲ್ಯೂ ಇಲ್ಲದ್ದನ್ನೂ ಕೆತ್ತುತ್ತಾನೆ ಅಂತ ಊರಿಗೆಲ್ಲ ಸಾರ್ತೀನಿ."

ಮೆಜೊಟಿಂಟ್ ಎಂಬ ಈ ಕೆತ್ತನೆಯ ಕೆಲಸವೇ ತಿರುವುಮುರುವು. ಮೊದಲು ಫಲಕವನ್ನೆಲ್ಲ ಹಲ್ಲಿನ ಉಳಿಯಿಂದ ಒರಟು ಮಾಡಿ ಕಗ್ಗತ್ತಲು ತುಂಬಬೇಕು. ಆಮೇಲೆ ಕೆರೆದು ಕೆರೆದು ಬೆಳಕು ತೆಗೆಯಬೇಕು. ಬಂದ ಬೆಳಕನ್ನು ವಾಪಸು ಕಳಿಸುವುದೆಂದರೆ ಪ್ರಾಣಸಂಕಟ. ಅದಿರಲಿ, ಇದ್ದದ್ದನ್ನು ಇದ್ದ ಹಾಗೆ ಕೆತ್ತುವವನೆಂಬ ಹೆಸರು ಬಿಟ್ಟರೆ ಮೂವತ್ತು ವರ್ಷದಲ್ಲಿ ಪೆಲ್ಯೂ ಗಳಿಸಿದ್ದು ಕೆಮ್ಮು ಮಾತ್ರ.

"ಕನ್ನಡಿ ನೋಡಿ ಸ್ವಾಮಿ," ಎಂದ.

ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ, ಕೆತ್ತುವವರು ಮೂಲಚಿತ್ರವನ್ನು ಕನ್ನಡಿಯಲ್ಲೇ ನೋಡುತ್ತಾರೆ. ಥಾರ್ಲಿಯ ಚಿತ್ರ ತೆರೆದ ಕಿಟಕಿಯ ಪಕ್ಕ, ಗೋಡೆಯ ಮೇಲೆ ಎತ್ತರದಲ್ಲಿ ತೂಗುತ್ತಿತ್ತು. ಥಾರ್ಲಿ ಎದುರಿನ ಕನ್ನಡಿಗೆ ಇಣುಕಿದ.

ಹಸು ಅಲ್ಲೇ ಇತ್ತು.

ಚಹಾ ತಂದ ಪೆಲ್ಯೂನ ಹೆಂಡತಿ ಹೆಸ್ಟರ್ ತಾನೂ ಬಗ್ಗಿ ನೋಡಿ, "ಪಾಪ, ಇದಕ್ಕೆ ಕಾಲೇ ಇಲ್ಲವಲ್ಲ!" ಎಂದಳು.

ತನ್ನ ಚಿತ್ರವನ್ನು ತಾನೇ ಮರೆತೆನೆಂದು ಒಪ್ಪುವುದಕ್ಕಿಂತ ಹಸುವನ್ನು ಒಪ್ಪುವುದು ಥಾರ್ಲಿಗೆ ಹಗುರವೆನಿಸಿತು.

"ಮಲಗಿರೋ ಹಸುವಿಗೆ ಕಾಲು ಎಲ್ಲಿ ಕಾಣುತ್ತೆ ತಾಯಿ? ಈಗ ನೆನಪಾಯ್ತು. ಆ ಸಂಜೆ ಅಲ್ಲೇ ಮಲಗಿ ಮೆಲುಕು ಹಾಕ್ತಿತ್ತು. ನೋಡಿ ನನಗೆ ಕಣ್ಣು ತುಂಬಿತ್ತು."

"ಕೋಡು?"

"ಎಳೇ ಹಸು."

ಪ್ರತಿಗಳಿಗೆ ಜನ ಮುಗಿಬಿದ್ದರು. ನಿಸರ್ಗದ ಸಮಸ್ತ ಭವ್ಯತೆಯೂ ಆ ಒಂದು ಹಸುವಿನಲ್ಲಿ ವಿಶ್ರಮಿಸಿದೆ ಎಂದು ವಿಮರ್ಶಕನೊಬ್ಬ ಬರೆದ. ಥಾರ್ಲಿ ಉಳಿದ ಹನ್ನೊಂದು ಚಿತ್ರಗಳಿಗೂ ಕಾಲಿಲ್ಲದ ಒಂದೊಂದು ಹಸು ಸೇರಿಸಿ, ಎಲ್ಲವನ್ನೂ ಪೆಲ್ಯೂಗೇ ಕೊಟ್ಟ.

ಬೇಸಿಗೆಯಲ್ಲಿ ಮೂಲಚಿತ್ರವನ್ನು ಕೊಂಡ ಶ್ರೀಮಂತರ ಮನೆಗೆ ಕಳಿಸುವ ದಿನ ಬಂತು. ಹೆಸ್ಟರ್ ಕುರ್ಚಿ ಹತ್ತಿ ಅದನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಧೂಳು ಒರೆಸಿದಳು. ಬಟ್ಟೆ ನೋಡಿದಳು. ಚಿತ್ರ ನೋಡಿದಳು. ಆಮೇಲೆ ತಲೆಯೆತ್ತಿ ಕಿಟಕಿಯ ಮೇಲಿನ ತೊಲೆ ನೋಡಿದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಒರೆಸುಬಟ್ಟೆಗೆ ಹಸು ಪೂರ್ತಿಯಾಗಿ ಬಂದಿತ್ತು. ಅದು ಪಾರಿವಾಳದ ಹಿಕ್ಕೆ.