ನಗದೇ ಉಳಿದ ಸುದ್ದಿ

ಅಣಕು ಸುದ್ದಿಯನ್ನು ನಗುವ ಕಾಗದದ ಮೇಲೆಯೇ ಅಚ್ಚು ಹಾಕಬೇಕೆಂಬ ಕಾನೂನು ಬಂದು ಹನ್ನೆರಡು ವರ್ಷವಾಗಿತ್ತು. ದಾವಣಗೆರೆಯಲ್ಲಿ ಇಸ್ತ್ರಿ ಅಂಗಡಿ ನಡೆಸುವ ಅರವತ್ತೆರಡರ ಚೌಡಮ್ಮ ಅಂದು ಬೆಳಿಗ್ಗೆ ಪತ್ರಿಕೆಯ ಮೊದಲ ಹಾಳೆಯನ್ನು ಬೆರಳಿಂದ ಉಜ್ಜಿ, ಕಿವಿಗೆ ಹಿಡಿದಳು. ಕಾಗದ ಕಿಸಕ್ಕೆನ್ನಲಿಲ್ಲ.

ಅರವತ್ತು ದಾಟಿದ ಹೆಣ್ಣುಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿ ಶುರುವಾಗುತ್ತಿದೆ, ಓದಲು ಬಂದವರಿಗೆ ಮೊಣಕಾಲು ನೋವಿನ ಎಣ್ಣೆ ಉಚಿತ, ಹೆಸರು ಬರೆಸಲು ಇಂದೇ ಕಡೆಯ ದಿನ ಎಂದು ಅದರಲ್ಲಿತ್ತು.

“ಎಣ್ಣೆ ಅಂದ್ಮೇಲೆ ತಮಾಷೀನೇ ಬಿಡು,” ಎಂದ ಗಂಡ ತಿಪ್ಪಣ್ಣ. “ಪೇಪರ್ ಮಂಜಿನಾಗೆ ನೆಂದೈತಿ. ಒದ್ದೆ ಕಾಗದ ಎಲ್ಲಿ ನಗ್ತೈತಿ?”

ಚೌಡಮ್ಮ ಗಿರಾಕಿಯ ಅಂಗಿಯನ್ನು ಪಕ್ಕಕ್ಕಿಟ್ಟು ಪತ್ರಿಕೆಗೇ ಇಸ್ತ್ರಿ ಹಾಕಿದಳು. ಬಿಸಿ ತಾಗಿದ್ದೇ ತಡ, ಒಳಹಾಳೆಯ ಅಣಕು ಅಂಕಣ ಖೊಕ್ಕೆಂದು ನಗತೊಡಗಿತು. ಮೊದಲ ಹಾಳೆ ಮಾತ್ರ ಗರಿಗರಿಯಾಗಿ ಸುಮ್ಮನೆ ಇತ್ತು.

ಒಂಬತ್ತನೇ ತರಗತಿಯಲ್ಲಿ ಮದುವೆ ಮಾಡಿ ಅವಳನ್ನು ಶಾಲೆ ಬಿಡಿಸಿದ್ದರು.

“ಅಂಗಡಿ ನೋಡ್ಕೊಳ್ರಿ,” ಎಂದವಳೇ ಚಪ್ಪಲಿ ಮೆಟ್ಟಿ ಓಡಿದಳು.

ಶಾಲೆಯಲ್ಲಿ ಮೇಷ್ಟ್ರು ಖಾಲಿ ಬೆಂಚುಗಳ ಎದುರು ಒಬ್ಬರೇ ಕೂತಿದ್ದರು. ಊರೆಲ್ಲ ಆ ಸುದ್ದಿಯನ್ನು ಅಣಕವೆಂದೇ ನಂಬಿತ್ತು. ಏದುಸಿರು ಬಿಡುತ್ತಾ ಬಂದವಳನ್ನು ಅವರು ಅನುಮಾನದಿಂದ ನೋಡಿದರು.

“ನಿಜವಾಗ್ಲೂ ಓದಾಕೆ ಬಂದೀರೇನಮ್ಮ? ಇಲ್ಲ, ಯಾರಾದ್ರೂ ತಮಾಷೆಗೆ ಕಳ್ಸಿದ್ರಾ?”

ಚೌಡಮ್ಮ ಮೊದಲ ಬೆಂಚಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

“ಮೊದ್ಲು ಗಣಿತದ ಪುಸ್ತಕ ಕೊಡ್ರಿ ಸಾರ್. ನಾ ಮಾಡೋ ಲೆಕ್ಕ ನೋಡಿದ್ಮೇಲೆ ಇಬ್ರೂ ಕೂಡಿ ನಗೋಣಂತೆ.”