ಚೊಚ್ಚಲ ಕೂಸು

"ಇಬ್ಬರು ಹೆಣ್ಣುಮಕ್ಕಳಿದ್ದಾರೆ ಅಂತ ಬಾಯಿ ಬಿಡಬೇಡಿ ನಯನಾ. ಇದೇ ಮೊದಲನೇ ಹೆರಿಗೆ ಅನ್ನಿ," ಎಂದಳು ಸಮಿತಿಯ ಸುಷ್ಮಾ. ಪತ್ರಿಕಾಗೋಷ್ಠಿಗೆ ಹತ್ತೇ ನಿಮಿಷವಿತ್ತು. ಒಳಗೆ ಕ್ಯಾಮೆರಾದವರು ವೈರು ಎಳೆಯುತ್ತಿದ್ದರು.

ನಯನಾಳ ಗಂಡ ಶಿವರಾಮುವಿಗೆ ಮೈಯೆಲ್ಲ ಉರಿದುಹೋಯಿತು. ಹಿರಿಯವಳು ಸ್ಕೂಲಿಗೆ ಹೋಗಿದ್ದಳು. ಮೂರು ವರ್ಷದ ಕಿರಿಯವಳು ಅವನ ಕಂಕುಳಲ್ಲೇ ಇದ್ದಳು.

"ಯಾಕ್ ಮೇಡಂ? ಮೂರ್ನೇದು ಸತ್ರೆ ಅದು ಸಾವಲ್ವಾ?"

"ನಂಗೆ ಸಾವೇ ಶಿವರಾಮು ಅವ್ರೇ. ಓದೋರಿಗೆ ಅಲ್ಲ. ಮೂರನೇದು ಅಂದ್ರೆ ಜನ ಹೆರಿಗೆ ರಜೆ ಮಾತು ಬಿಟ್ಟು ನಿಮ್ಮ ಮಕ್ಕಳನ್ನ ಎಣಿಸ್ತಾರೆ. ಹೋದ ವರ್ಷ ಒಬ್ಬರ ಕೈಲಿ ಇದ್ದದ್ದು ಇದ್ದಂಗೇ ಹೇಳಿಸಿದೆ. 'ಹೆರೋಕೆ ಪುರುಸೊತ್ತಿದೆ, ದುಡಿಯೋಕಿಲ್ವಾ' ಅಂತ ಉಗಿದ್ರು. ಆಯಮ್ಮ ಮನೆಯಿಂದ ಆಚೆ ಬರೋದೇ ಬಿಟ್ಟುಬಿಟ್ಟಳು."

"ಅಂಥೋರ ಬಾಯಿಗೆ ಎದ್ರಿ ನನ್ ಮಕ್ಳನ್ನ ಇಲ್ಲ ಅಂದ್ಬುಡ್ಬೇಕಾ?"

"ಸುಮ್ಕಿರಿ ನೀವು," ಎಂದಳು ನಯನಾ. ಹೂಟಗಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಗುತ್ತಿಗೆಯ ಟೈಲರ್ ಆಗಿದ್ದವಳು. ಏಳನೇ ತಿಂಗಳಲ್ಲಿ ಕಾಲು ಬಾತು ರಜೆ ಕೇಳಿದಾಗ, ಆರ್ಡರ್ ಮುಗಿಸಿ ಹೋಗು ಎಂದಿದ್ದರು. ಮಿಷನ್ನಿನ ಮುಂದೆಯೇ ನೋವು ಬಂತು. ಹುಟ್ಟಿದ ಕೂಸು ಅಳಲಿಲ್ಲ. ಹದಿನೈದು ದಿನ ಮಲಗಿದ್ದಕ್ಕೆ ಕೆಲಸವೂ ಹೋಯಿತು. ಗುತ್ತಿಗೆ ಹೆಂಗಸರಿಗೂ ಸಂಬಳದ ರಜೆ ಕೊಡಿ ಎಂದು ಊರೂರು ಅಲೆಯುತ್ತಿದ್ದ ಈ ಸಮಿತಿ ಬಿಟ್ಟರೆ ಅವಳ ಪರ ಒಂದು ನರಪಿಳ್ಳೆಯೂ ಬಾಯಿ ತೆರೆದಿರಲಿಲ್ಲ. ಅವಳನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿಸಿದ್ದೂ ಸುಷ್ಮಾಳೇ.

"ನಂಗೆ ಕೆಲ್ಸ ಬೇಕು ಕಣ್ರೀ. ಇರೋವುಕ್ಕೆ ಅನ್ನ ಇಕ್ಕಬೇಕಲ್ಲ."

ಶಿವರಾಮು ಹಲ್ಲು ಕಚ್ಚಿಕೊಂಡು, ಮಗಳೊಂದಿಗೆ ಕೊನೆಯ ಸಾಲಿಗೆ ಹೋಗಿ ಕೂತ.

"ಅದು ನನ್ನ ಚೊಚ್ಚಲ ಕೂಸು," ಎಂದಳು ನಯನಾ ಮೈಕಿನ ಮುಂದೆ. ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದವರೂ ಪೆನ್ನು ತೆಗೆದರು. ಸುಷ್ಮಾ ತಲೆ ಎತ್ತಲಿಲ್ಲ. ಹೇಳುತ್ತ ಹೇಳುತ್ತ ನಯನಾಳ ಸೆರಗು ಬಾಯಿಗೆ ಹೋಯಿತು. ಆ ಅಳುವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಅಳುವುದನ್ನು ಕಂಡ ಮಗು ಅಪ್ಪನ ತೊಡೆಯ ಮೇಲೆ ಎದ್ದು ನಿಂತಿತು. "ಅಮ್..." ಎನ್ನುವಷ್ಟರಲ್ಲಿ ಶಿವರಾಮುವಿನ ಅಂಗೈ ಅದರ ಬಾಯಿ ಮುಚ್ಚಿತ್ತು. ಒಂದು ಕ್ಯಾಮೆರಾ ಇತ್ತ ತಿರುಗಿತು.

ಮಗು ಕಚ್ಚಿತು. ಅವನು ಕೈ ತೆಗೆಯಲಿಲ್ಲ.